ದಾವಣಗೆರೆಯಿಂದ ಕಡಲ ತೀರಕ್ಕೆ: ತಂಡ ಪ್ರವಾಸ ಹೊರಡುವವರಿಗೊಂದು ಮಾಹಿತಿ

ದಾವಣಗೆರೆ: ದಸರಾ ರಜೆ ಸಮೀಪಿಸುತ್ತಿದ್ದಂತೆ ನಗರದಲ್ಲಿ ಟೆಂಪೊ ಟ್ರಾವೆಲರ್‌ಗಳಿಗೆ ಬೇಡಿಕೆ ಹೆಚ್ಚತೊಡಗುತ್ತದೆ. ಸ್ನೇಹಿತರ ಗುಂಪು, ಬಡಾವಣೆಯ ಮಹಿಳಾ ಸಂಘ, ಒಂದೇ ಕಚೇರಿಯ ಸಹೋದ್ಯೋಗಿಗಳು, ಅಣ್ಣತಮ್ಮಂದಿರ ಎರಡು ಮೂರು ಕುಟುಂಬಗಳು ಹೀಗೆ ಹನ್ನೆರಡು ಹದಿನೈದು ಜನ ಸೇರಿದರೆ ಮೊದಲು ಕೇಳಿಬರುವ ಮಾತು ಸಮುದ್ರದ್ದು. ಬಯಲು ಸೀಮೆಯ ಜನರಿಗೆ ಕಡಲಿನ ಸೆಳೆತ ಸಹಜ. ವರ್ಷಕ್ಕೆ 650 ಮಿ.ಮೀ. ಆಸುಪಾಸು ಮಳೆ ಕಾಣುವ ದಾವಣಗೆರೆಯಿಂದ ಹೊರಟು, 7,000 ಮಿ.ಮೀ.ಗೂ ಅಧಿಕ ಮಳೆ ಸುರಿಯುವ ಆಗುಂಬೆಯನ್ನು ದಾಟಿ, ಅದೇ ದಿನ ಸಂಜೆ ಮಲ್ಪೆಯ ಮರಳಿನ ಮೇಲೆ ನಿಲ್ಲಲು ಸಾಧ್ಯವಿರುವುದು ಈ ಭಾಗದ ಜನರ ಭಾಗ್ಯವೆಂದೇ ಹೇಳಬೇಕು.

ಭೂಪಟದ ಮೇಲೆ ನೇರ ಗೆರೆ ಎಳೆದರೆ ದಾವಣಗೆರೆಯಿಂದ ಅರಬ್ಬಿ ಸಮುದ್ರಕ್ಕೆ ಸುಮಾರು 160 ಕಿ.ಮೀ. ಮಾತ್ರ. ಆದರೆ ನಡುವೆ ಸಹ್ಯಾದ್ರಿ ಇದೆ. ಹರಿಹರದ ಪಕ್ಕದಲ್ಲೇ ಹರಿಯುವ ತುಂಗಭದ್ರೆಯೂ ಈ ಬೆಟ್ಟಸಾಲನ್ನು ದಾಟಲಾರದೆ, ಪಶ್ಚಿಮದ ಕಡಲಿಗೆ ಬೆನ್ನು ತಿರುಗಿಸಿ ಪೂರ್ವಕ್ಕೆ ಸಾಗುತ್ತಾಳೆ. ತುಂಗೆ ಮತ್ತು ಭದ್ರೆ ಎರಡೂ ಹುಟ್ಟುವುದು ಪಶ್ಚಿಮ ಘಟ್ಟದಲ್ಲಿ, ಕೂಡುವುದು ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಲ್ಲಿ. ಆ ನೀರು ಕೃಷ್ಣೆಯ ಮೂಲಕ ಸೇರುವುದು ಬಂಗಾಳ ಕೊಲ್ಲಿಯನ್ನು. ಆದುದರಿಂದ ಕರಾವಳಿ ಪ್ರವಾಸಕ್ಕೆ ಹೊರಟವರು ಯಾವ ಬೀಚ್ ನೋಡಬೇಕೆಂಬ ಚರ್ಚೆಗೆ ಮುನ್ನ ಯಾವ ಘಾಟಿ ಇಳಿಯಬೇಕು, ಯಾವ ಹೊತ್ತಿನಲ್ಲಿ ಇಳಿಯಬೇಕು ಎಂಬುದನ್ನು ನಿರ್ಧರಿಸುವುದು ಲೇಸು.

ರೈಲನ್ನು ನೆಚ್ಚಿಕೊಳ್ಳುವವರಿಗೆ ಅವಕಾಶ ಕಡಿಮೆ. ಮಂಗಳೂರಿಗೆ ಹೋಗಬೇಕಾದರೆ ಅರಸೀಕೆರೆ, ಹಾಸನಗಳನ್ನು ಬಳಸಿ ಹೋಗಬೇಕು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗವಂತೂ ದಶಕಗಳಿಂದ ಚರ್ಚೆಯಲ್ಲೇ ಇದೆ. ಹೀಗಾಗಿ ರಸ್ತೆ ಪ್ರಯಾಣವೇ ಉಳಿದಿರುವ ದಾರಿ.

ಕತ್ತಲಿನ ಲೆಕ್ಕಾಚಾರ

ನಮ್ಮ ಭಾಗದ ಅನೇಕ ತಂಡಗಳ ಪ್ರವಾಸ ಯೋಜನೆ ಒಂದೇ ಅಚ್ಚಿನಲ್ಲಿರುತ್ತದೆ. ಶನಿವಾರ ರಾತ್ರಿ ಊಟ ಮುಗಿಸಿ ಹತ್ತು ಗಂಟೆಗೆ ಹೊರಡುವುದು, ನಸುಕಿನಲ್ಲಿ ಸಮುದ್ರ ತಲುಪುವುದು, ಭಾನುವಾರವಿಡೀ ನಾಲ್ಕೈದು ಸ್ಥಳಗಳನ್ನು ಸುತ್ತುವುದು, ಅದೇ ರಾತ್ರಿ ಮರಳಿ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗುವುದು. ವಸತಿಗೃಹದ ಬಾಡಿಗೆ ಉಳಿಯುತ್ತದೆ, ರಜೆಯೂ ಉಳಿಯುತ್ತದೆ ಎಂಬುದು ಲೆಕ್ಕ. ಈ ಲೆಕ್ಕದಲ್ಲಿ ಸೇರದೇ ಹೋಗುವುದು ಚಾಲಕನ ನಿದ್ರೆ.

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ ನಡೆದ ದುರಂತವನ್ನು ಈ ಭಾಗದ ಜನ ಮರೆತಿರಲಾರರು. ದೇವಸ್ಥಾನಗಳ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಭದ್ರಾವತಿ ತಾಲ್ಲೂಕು ಎಮ್ಮೆಹಟ್ಟಿಯ ತಂಡವಿದ್ದ ವಾಹನ, ಹೆದ್ದಾರಿ ಬದಿಯಲ್ಲಿ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿ 13 ಮಂದಿ ಅಸುನೀಗಿದರು. ಅದು ಘಾಟಿ ರಸ್ತೆಯಲ್ಲ. ದಾವಣಗೆರೆಯ ಜನ ನಿತ್ಯ ಓಡಾಡುವ, ಅಗಲವಾದ, ಹಳೆಯ ಎನ್‌ಎಚ್ 4 (ಈಗಿನ 48). 2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರ ಸಮೀಪ, ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ ಹೊತ್ತು ಹೊರಟಿದ್ದ ಲಾರಿ ಕಮರಿಗೆ ಉರುಳಿ 10 ವ್ಯಾಪಾರಿಗಳು ಮೃತಪಟ್ಟರು. ಅವರು ಪ್ರವಾಸಿಗರಲ್ಲದಿದ್ದರೂ ಘಟ್ಟ ಇಳಿಯುವ ದಾರಿ ಅದೇ, ಹೊತ್ತೂ ಅದೇ. ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದದ್ದು ಕೂಡ ನಡುರಾತ್ರಿ ಕಳೆದ ಮೇಲೆ, 2024ರ ಆಗಸ್ಟ್ 7ರಂದು. ನದಿಗೆ ಬಿದ್ದ ಲಾರಿಯ ಚಾಲಕನನ್ನು ಅದೃಷ್ಟವಶಾತ್ ರಕ್ಷಿಸಲಾಯಿತು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಚಾಲಕನ ದುಡಿಮೆಗೆ ದಿನಕ್ಕೆ ಎಂಟು ಗಂಟೆಯ ಮಿತಿಯನ್ನು ವಿಧಿಸಿತು. ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂದಿತು. ರಾತ್ರಿಯಿಡೀ ಓಡಿಸಿ, ಹಗಲೆಲ್ಲ ಬೀಚಿನಿಂದ ಬೀಚಿಗೆ ಸುತ್ತಿಸಿ, ಮತ್ತೆ ರಾತ್ರಿ ಓಡಿಸುವ ಯೋಜನೆ ಈ ಮಿತಿಗೆ ಎಷ್ಟು ದೂರವೆಂಬುದನ್ನು ಲೆಕ್ಕ ಹಾಕಲು ಗಣಿತ ಬೇಕಿಲ್ಲ. ಒಂದು ವಸತಿಗೃಹದ ಕೋಣೆಯ ಬಾಡಿಗೆಯನ್ನು ಹನ್ನೆರಡು ಜನರಿಗೆ ಹಂಚಿದರೆ ತಲೆಗೆ ಬರುವ ಮೊತ್ತ ಬೆಣ್ಣೆ ದೋಸೆಯ ಎರಡು ತಟ್ಟೆಗಿಂತ ಹೆಚ್ಚೇನೂ ಆಗದು. ಚಾಲಕನಿಗೆ ಪ್ರತ್ಯೇಕ ಹಾಸಿಗೆ ದೊರೆಯಬೇಕು. ಅವನನ್ನು ವಾಹನದ ಸೀಟಿನಲ್ಲೇ ಮಲಗಿಸುವ ರೂಢಿ ಉಳಿತಾಯದಂತೆ ಕಂಡರೂ ದುಬಾರಿಯದು.

ಇಳಿಯಲು ಎಷ್ಟು ದಾರಿ?

ದಾವಣಗೆರೆ–ಹರಿಹರದಿಂದ ಕರಾವಳಿಗೆ ಇಳಿಯಲು ಆರು ದಾರಿಗಳುಂಟು. ಇವುಗಳಲ್ಲಿ ನಾಲ್ಕು ಹೆಚ್ಚು ಬಳಕೆಯಲ್ಲಿವೆ.

ಮೊದಲನೆಯದು ಆಗುಂಬೆ. ಹರಿಹರದಿಂದ ಹೊನ್ನಾಳಿ ಮಾರ್ಗವಾಗಿ ಶಿವಮೊಗ್ಗ ಸುಮಾರು 80 ಕಿ.ಮೀ. ಅಲ್ಲಿಂದ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಮೂಲಕ ಉಡುಪಿ. ದಾವಣಗೆರೆಯಿಂದ ಒಟ್ಟು ಸುಮಾರು 240 ಕಿ.ಮೀ. ಆಗುತ್ತದೆ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮಿನಿ ಬಸ್ಸು, ಟೆಂಪೊ ಟ್ರಾವೆಲರ್‌ಗಳು ಸಲೀಸಾಗಿ ಇಳಿಯುತ್ತವೆ. ಆದರೆ ಐವತ್ತು ಆಸನದ ದೊಡ್ಡ ಬಸ್ಸು ಮಾಡಿಕೊಂಡವರಿಗೆ ಈ ದಾರಿ ಅಲ್ಲ. ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ನಿಷೇಧ ಹೇರಿ ಜಿಲ್ಲಾಡಳಿತ ಆದೇಶ ಹೊರಡಿಸುವುದು ವಾಡಿಕೆ. ಆಗುಂಬೆಯ ಸೂರ್ಯಾಸ್ತ ಪ್ರಸಿದ್ಧವಾದರೂ, ಸೂರ್ಯಾಸ್ತ ನೋಡಿದವರು ಕತ್ತಲಲ್ಲೇ ಘಾಟಿ ಇಳಿಯಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಚಿತ್ರೀಕರಣ ನಡೆದ ದೊಡ್ಡಮನೆ ಇದೇ ಊರಿನಲ್ಲಿದೆ. ಘಾಟಿಯ ಕಾಡು ಸೋಮೇಶ್ವರ ವನ್ಯಜೀವಿ ಧಾಮಕ್ಕೆ ಸೇರಿದ್ದು. ಮಂಗಗಳಿಗೆ ಮಂಡಕ್ಕಿ ಎಸೆಯುವ ನಮ್ಮವರ ಔದಾರ್ಯಕ್ಕೆ ಅಲ್ಲಿ ಅವಕಾಶವಿಲ್ಲ.

ಎರಡನೆಯದು ಗೇರುಸೊಪ್ಪ ಘಾಟಿ. ಶಿವಮೊಗ್ಗ, ಸಾಗರ, ತಾಳಗುಪ್ಪ, ಮಾವಿನಗುಂಡಿ ದಾಟಿ ಹೊನ್ನಾವರಕ್ಕೆ ಇಳಿಯುವ ಈ ರಸ್ತೆ ಹಿಂದೆ ರಾಷ್ಟ್ರೀಯ ಹೆದ್ದಾರಿ 206 ಎಂದು ಪರಿಚಿತವಾಗಿತ್ತು. ಬಳಿಕ 69 ಎಂಬ ಸಂಖ್ಯೆ ಬಂದಿತು. ದಾವಣಗೆರೆಯಿಂದ ಸುಮಾರು 250 ಕಿ.ಮೀ. ಜೋಗ ಜಲಪಾತ ದಾರಿಯ ಪಕ್ಕದಲ್ಲೇ ಇರುವುದು ಇದರ ಹೆಚ್ಚುಗಾರಿಕೆ. ದೊಡ್ಡ ಬಸ್ಸುಗಳೂ ಸಂಚರಿಸುತ್ತವೆ. ತಿರುವುಗಳು ಹೆಚ್ಚು, ಇಳಿಜಾರು ದೀರ್ಘ. ವಾಂತಿಯ ತೊಂದರೆ ಇರುವವರು ಸಾಗರದಲ್ಲಿ ಮಿತವಾಗಿ ತಿನ್ನುವುದು ಒಳಿತು. ಕೆಳಗಿನ ಗೇರುಸೊಪ್ಪ ಈಗ ಸಣ್ಣ ಊರು. ಕರಿಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ರಾಜಧಾನಿ ಇದಾಗಿತ್ತೆಂಬುದಕ್ಕೆ ಕಾಡಿನ ನಡುವಿನ ಚತುರ್ಮುಖ ಬಸದಿ ಸಾಕ್ಷಿಯಾಗಿ ನಿಂತಿದೆ. ಸಮಯವಿದ್ದವರು ನೋಡಬಹುದು, ನೋಡಿ ಬಂದವರು ಕಡಿಮೆ.

ಮೂರನೆಯದು ಹಾವೇರಿ–ಶಿರಸಿ–ಕುಮಟಾ. ದಾವಣಗೆರೆಯಿಂದ ಸುಮಾರು 215 ಕಿ.ಮೀ. ದೂರದ ದೃಷ್ಟಿಯಿಂದ ಇದೇ ಹತ್ತಿರ. ಗೋಕರ್ಣಕ್ಕೆ ಹೊರಟವರಿಗೆ ಅನುಕೂಲ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ದರ್ಶನ ಮುಗಿಸಿ ದೇವಿಮನೆ ಘಾಟಿ ಇಳಿಯಬಹುದು. ಈ ರಸ್ತೆಯ ಅಗಲೀಕರಣ ಕಾಮಗಾರಿಯ ಸಂದರ್ಭದಲ್ಲಿ ಸಂಚಾರವನ್ನು ನಿರ್ಬಂಧಿಸಿ, ವಾಹನಗಳನ್ನು ಬೇರೆ ದಾರಿಗೆ ತಿರುಗಿಸಿದ್ದುಂಟು. ಹೊರಡುವ ಮುನ್ನ ಶಿರಸಿ ಕಡೆಯ ಪರಿಚಯದವರನ್ನೋ ವಸತಿಗೃಹದವರನ್ನೋ ವಿಚಾರಿಸುವುದು ಉತ್ತಮ.

ನಾಲ್ಕನೆಯದು ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಾಟಿ ಮಾರ್ಗವಾಗಿ ಅಂಕೋಲಾ. ಕಾರವಾರ, ಗೋವಾ ಕಡೆಗೆ ಹೋಗುವವರು ಹಿಡಿಯುವ ದಾರಿ. ಲಾರಿಗಳ ಓಡಾಟ ಅತ್ಯಧಿಕ. ಗುಳ್ಳಾಪುರದ ದುರಂತ ನಡೆದದ್ದು ಇದೇ ಹೆದ್ದಾರಿಯಲ್ಲಿ.

ಇವಲ್ಲದೆ ಹೊಸನಗರದಿಂದ ಹುಲಿಕಲ್ (ಬಾಳೆಬರೆ) ಘಾಟಿ ಇಳಿದು ಕುಂದಾಪುರಕ್ಕೆ ಹೋಗುವ ದಾರಿಯೊಂದಿದೆ. ಇನ್ನೊಂದು, ಹರಿಹರದವರಿಗೆ ತೀರ ಹತ್ತಿರದ್ದಾದರೂ ಅನೇಕರಿಗೆ ತಿಳಿಯದ್ದು: ರಾಣೆಬೆನ್ನೂರಿನಿಂದ ಮಾಸೂರು, ಶಿಕಾರಿಪುರ, ಆನಂದಪುರ, ಹೊಸನಗರ, ನಗರ, ಕೊಲ್ಲೂರು ಮೂಲಕ ಬೈಂದೂರು ಸೇರುವ ರಾಷ್ಟ್ರೀಯ ಹೆದ್ದಾರಿ 766ಸಿ. ಮೂಕಾಂಬಿಕೆಯ ದರ್ಶನವನ್ನು ಪ್ರವಾಸದ ಮುಖ್ಯ ಉದ್ದೇಶವಾಗಿ ಇಟ್ಟುಕೊಂಡವರಿಗೆ ಇದು ಹೇಳಿಮಾಡಿಸಿದ ದಾರಿ. ನಗರದ ಕೋಟೆಯೂ ದಾರಿಯಲ್ಲೇ ಸಿಗುತ್ತದೆ.

ಸಾಗರದ ಕಡೆಯಿಂದ ಕೊಲ್ಲೂರಿಗೆ ಇತ್ತೀಚೆಗೆ ಮತ್ತೊಂದು ಸಂಪರ್ಕ ದೊರೆತಿದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಿಂದ ಸಿಗಂದೂರು, ತುಮರಿ ಭಾಗದ ಜನ ದಶಕಗಳ ಕಾಲ ಲಾಂಚನ್ನೇ ಅವಲಂಬಿಸಿದ್ದರು. ಅಂಬಾರಗೋಡ್ಲು–ಕಳಸವಳ್ಳಿ ನಡುವಣ ಸುಮಾರು 2.44 ಕಿ.ಮೀ. ಉದ್ದದ ಕೇಬಲ್ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಗೊಂಡ ಮೇಲೆ ಲಾಂಚಿಗಾಗಿ ಸಾಲುಗಟ್ಟಿ ಕಾಯುವ ದಿನಗಳು ಮುಗಿದವು. ಸೇತುವೆಯನ್ನು ನೋಡಲೆಂದೇ ಬರುವವರು ಈಗ ಕಡಿಮೆಯಿಲ್ಲ. ಅದರ ಮಧ್ಯದಲ್ಲಿ ವಾಹನ ನಿಲ್ಲಿಸಿ ಛಾಯಾಚಿತ್ರ ತೆಗೆಯುವ ಹವ್ಯಾಸವನ್ನು ಮಾತ್ರ ಬಿಡಬೇಕು.

ದಕ್ಷಿಣದಿಂದ ಉತ್ತರಕ್ಕೆ

ಕರ್ನಾಟಕದ ಕರಾವಳಿ ಸುಮಾರು 320 ಕಿ.ಮೀ. ಉದ್ದವೆಂದು ಲೆಕ್ಕ. ಇದರುದ್ದಕ್ಕೂ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಹಿಂದೆ 17 ಎಂಬ ಸಂಖ್ಯೆಯಿಂದ ಮನೆಮಾತಾಗಿತ್ತು. ಮಹಾರಾಷ್ಟ್ರದ ಪನವೇಲಿನಿಂದ ಕನ್ಯಾಕುಮಾರಿಯವರೆಗೂ ಇದೇ ಹೆದ್ದಾರಿ. ಕಾರವಾರದಿಂದ ಮಂಗಳೂರಿಗೆ ಸುಮಾರು 270 ಕಿ.ಮೀ. ಎರಡು ದಿನದಲ್ಲಿ ಇಷ್ಟನ್ನೂ ಮುಗಿಸುವ ಹಟಕ್ಕೆ ಬಿದ್ದವರು ಕಿಟಕಿಯಿಂದ ಫಲಕಗಳನ್ನು ಓದುವುದಷ್ಟೇ ಆಗುತ್ತದೆ. ಮೊದಲ ಬಾರಿ ಹೋಗುವ ತಂಡಕ್ಕೆ ಉಡುಪಿಯಿಂದ ಹೊನ್ನಾವರದವರೆಗಿನ ಸುಮಾರು 130 ಕಿ.ಮೀ. ಭಾಗ ಸಾಕು. ಆಗುಂಬೆಯಲ್ಲಿ ಇಳಿದು ಗೇರುಸೊಪ್ಪದಲ್ಲಿ ಹತ್ತಿದರೆ ಎರಡು ಘಾಟಿಗಳನ್ನೂ ಕಂಡಂತಾಗುತ್ತದೆ, ಬಂದ ದಾರಿಯಲ್ಲೇ ಮರಳುವ ಬೇಸರವೂ ಇಲ್ಲ.

ದಕ್ಷಿಣದಿಂದ ಉತ್ತರಕ್ಕೆ ಸಾಗುವುದರಲ್ಲಿ ಮತ್ತೊಂದು ಅನುಕೂಲವಿದೆ. ನಮ್ಮಲ್ಲಿ ವಾಹನ ಸಾಗುವುದು ರಸ್ತೆಯ ಎಡಬದಿಯಲ್ಲಿ. ಉತ್ತರಾಭಿಮುಖವಾಗಿ ಹೊರಟಾಗ ಸಮುದ್ರ ಇರುವುದೂ ಎಡಕ್ಕೆ. ಆದ್ದರಿಂದ ಎಲ್ಲಿ ನಿಲ್ಲಿಸಿದರೂ ಹೆದ್ದಾರಿ ದಾಟದೆ ಕಡಲಿನ ಕಡೆಗೇ ಇಳಿಯಬಹುದು. ಮಕ್ಕಳು, ವಯಸ್ಸಾದವರು ಇರುವ ತಂಡಕ್ಕೆ ಇದು ಸಣ್ಣ ಸಂಗತಿಯಲ್ಲ. ಅದರಲ್ಲೂ ಮರವಂತೆಯಲ್ಲಿ. ಅಲ್ಲಿ ಹೆದ್ದಾರಿಯ ಒಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ. ಎರಡನ್ನೂ ಏಕಕಾಲಕ್ಕೆ ನೋಡುವ ಉತ್ಸಾಹದಲ್ಲಿ ಜನ ರಸ್ತೆಯ ಮೇಲೆ ಅತ್ತಿಂದಿತ್ತ ಓಡಾಡುತ್ತಾರೆ. ಓಡುವ ವಾಹನಗಳಿಗೆ ಮಾತ್ರ ಅದು ಹೆದ್ದಾರಿಯೇ. ನೋಡಲು ಇದಕ್ಕಿಂತ ಚೆಲುವಾದ ತಾಣ ರಾಜ್ಯದ ಕರಾವಳಿಯಲ್ಲಿ ಇಲ್ಲವೆಂಬುದು ಈ ವರದಿಗಾರನ ಅಭಿಪ್ರಾಯ. ಆದರೆ ನೀರಿಗಿಳಿಯುವ ತಾಣ ಅದಲ್ಲ. ಕಲ್ಲುಗಳ ರಾಶಿ, ಕಡಿದಾದ ದಂಡೆ, ಬಲವಾದ ಅಲೆ ಮೂರೂ ಅಲ್ಲಿವೆ.

ಉಡುಪಿಯ ಶ್ರೀಕೃಷ್ಣ ಮಠ, ಮಲ್ಪೆ ಬಂದರು, ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ ಇವು ಮೊದಲ ದಿನಕ್ಕೆ ಹೊಂದುತ್ತವೆ. ದ್ವೀಪದ ಕಂಬದಾಕಾರದ ಶಿಲೆಗಳು ಜ್ವಾಲಾಮುಖಿಯ ಲಾವಾ ತಣಿದು ಸೀಳಿದ್ದರಿಂದ ರೂಪುಗೊಂಡಂತಹವು. ಭೂವೈಜ್ಞಾನಿಕ ಸ್ಮಾರಕವೆಂದು ಇದನ್ನು ಘೋಷಿಸಲಾಗಿದೆ. ಮಳೆಗಾಲದಲ್ಲಿ ದೋಣಿ ಸಂಚಾರ ಇರುವುದಿಲ್ಲ. ದಕ್ಷಿಣಕ್ಕೆ ಸ್ವಲ್ಪ ಸಾಗಿದರೆ 1901ರ ದೀಪಸ್ತಂಭವಿರುವ ಕಾಪು, ಅದರಾಚೆ ಪಡುಬಿದ್ರಿ.

ಮರವಂತೆ ದಾಟಿದ ಮೇಲೆ ಬೈಂದೂರಿನ ಒತ್ತಿನೆಣೆ ಗುಡ್ಡ, ನಂತರ ಭಟ್ಕಳ, ಮುರುಡೇಶ್ವರ. ಮುರುಡೇಶ್ವರದ ಶಿವನ ಮೂರ್ತಿ 123 ಅಡಿ, ರಾಜಗೋಪುರ 237 ಅಡಿ. ಗೋಪುರದ ಮೇಲಿನ ಅಂತಸ್ತಿಗೆ ಲಿಫ್ಟಿನಲ್ಲಿ ಹೋಗಿ ಕಡಲನ್ನು ನೋಡುವ ವ್ಯವಸ್ಥೆಯಿದೆ. ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ನಡೆಸುವವರು ಹೊರಡುವುದೂ ಇಲ್ಲಿಂದಲೇ. ಹೊನ್ನಾವರದ ಕಾಸರಕೋಡು ಬೀಚಿಗೂ ಪಡುಬಿದ್ರಿಗೂ 2020ರಲ್ಲಿ ಅಂತರರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ದೊರೆಯಿತು. ಕಾಸರಕೋಡಿನ ಸಮೀಪ ಶರಾವತಿ ಹಿನ್ನೀರಿನ ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ಕಾಲುದಾರಿ ಇದೆ. ಗದ್ದಲದಿಂದ ಬೇಸತ್ತವರಿಗೆ ಅದು ಮುರುಡೇಶ್ವರಕ್ಕಿಂತ ಹೆಚ್ಚು ಹಿತ ನೀಡೀತು.

ಉತ್ತರಕ್ಕೆ ಇನ್ನೂ ಮುಂದುವರಿಯುವವರಿಗೆ ಮಿರ್ಜಾನ ಕೋಟೆ, ಗೋಕರ್ಣ, ಕಾರವಾರ ಉಳಿದೇ ಇವೆ. ಗೋಕರ್ಣಕ್ಕೆ ಹೆದ್ದಾರಿಯಿಂದ ಮಾದನಗೇರಿಯಲ್ಲಿ ತಿರುಗಬೇಕು. ಕಾರವಾರದ ಕಡಲ ತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. ತಾರುಣ್ಯದಲ್ಲಿ ಅವರು ಇಲ್ಲಿ ಕೆಲಕಾಲ ಉಳಿದಿದ್ದರು. ನಿವೃತ್ತ ಯುದ್ಧನೌಕೆ ‘ಚಪಲ್’ ಅಲ್ಲಿ ವಸ್ತುಸಂಗ್ರಹಾಲಯವಾಗಿದೆ. ನೌಕಾನೆಲೆಯ ಆವರಣದ ಛಾಯಾಚಿತ್ರ ತೆಗೆಯುವುದು ನಿಷಿದ್ಧ.

ನಾಲೆಯ ಈಜು, ಕಡಲಿನ ಸೆಳೆತ

ದಾವಣಗೆರೆ, ಹರಿಹರದ ಹುಡುಗರಿಗೆ ಈಜು ಹೊಸದಲ್ಲ. ಭದ್ರಾ ನಾಲೆಯಲ್ಲೋ ಬಾವಿಯಲ್ಲೋ ತುಂಗಭದ್ರೆಯಲ್ಲೋ ಕಲಿತವರೇ ಅನೇಕರು. ಅಪಾಯ ಹುಟ್ಟುವುದು ಇಲ್ಲಿಯೇ. ನಾಲೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಎದುರು ಈಜಲಾಗದಿದ್ದರೂ ಪಕ್ಕದ ದಡ ಸಿಗುತ್ತದೆ. ಕಡಲಿನಲ್ಲಿ ಪಕ್ಕದ ದಡವೆಂಬುದಿಲ್ಲ.

ಅಲೆಗಳು ದಂಡೆಗೆ ತಂದು ಹಾಕುವ ನೀರು ಮರಳಿ ಹೋಗಲೇಬೇಕು. ಅದು ಕೆಲವೆಡೆ ಇಕ್ಕಟ್ಟಾದ ಕಾಲುವೆಯಂತೆ ಒಂದುಗೂಡಿ ರಭಸದಿಂದ ಸಮುದ್ರದ ಕಡೆಗೆ ಹಿಂತಿರುಗುತ್ತದೆ. ಕರಾವಳಿಯ ಜನ ಇದನ್ನು ಸೆಳೆತ ಎನ್ನುತ್ತಾರೆ. ಮೋಸವಿರುವುದು ಅದರ ತೋರಿಕೆಯಲ್ಲಿ. ಸೆಳೆತ ಇರುವ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ನೀರು ಶಾಂತವಾಗಿ ಕಾಣುತ್ತದೆ, ಬಣ್ಣ ತುಸು ಕದಡಿರುತ್ತದೆ. ಹೊಸಬರು ‘ಇಲ್ಲಿ ಅಲೆ ಇಲ್ಲ’ ಎಂದುಕೊಂಡು ಅಲ್ಲಿಯೇ ಇಳಿಯುತ್ತಾರೆ. ಸೊಂಟದಷ್ಟು ನೀರಿನಲ್ಲಿ ನಿಂತವರ ಕಾಲಡಿಯ ಮರಳು ಜಾರುತ್ತದೆ, ದಂಡೆ ದೂರವಾಗುತ್ತದೆ. ಆಗ ದಡದತ್ತಲೇ ನೇರವಾಗಿ ಈಜಲು ಹೆಣಗಿದರೆ ಎಂತಹ ಈಜುಗಾರನೂ ಕೆಲವೇ ನಿಮಿಷಗಳಲ್ಲಿ ಸೋಲುತ್ತಾನೆ. ಸೆಳೆತದ ಹರಹು ಅಗಲವಾಗಿರುವುದಿಲ್ಲ. ದಂಡೆಗೆ ಸಮಾನಾಂತರವಾಗಿ, ಎಡಕ್ಕೋ ಬಲಕ್ಕೋ ಈಜಿ ಅದರಿಂದ ಹೊರಬಂದು, ಬಳಿಕ ಅಲೆಗಳ ಜತೆ ದಡದತ್ತ ಬರಬೇಕು. ಈಜು ಬಾರದವರು ಉಸಿರು ಕಾಯ್ದುಕೊಂಡು ತೇಲುತ್ತ ಕೈಯೆತ್ತಿ ನೆರವು ಕೋರಬೇಕು. ಮುಳುಗುತ್ತಿರುವವರನ್ನು ಕಂಡು ಬರಿಗೈಯಲ್ಲಿ ಧುಮುಕುವುದರಿಂದ ಒಂದು ಸಾವಿನ ಜಾಗದಲ್ಲಿ ಎರಡು ಮೂರು ಸಂಭವಿಸುತ್ತವೆ. ಹಗ್ಗ, ಖಾಲಿ ಕ್ಯಾನು, ಟ್ಯೂಬು, ತೇಲುವ ಏನನ್ನಾದರೂ ಎಸೆಯಬೇಕು, ಜೀವರಕ್ಷಕರನ್ನು ಕೂಗಬೇಕು.

2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ಮಕ್ಕಳವರು. ಆ ಬಳಿಕ ಕೆಲವು ದಿನ ಬೀಚಿಗೆ ಪ್ರವಾಸಿಗರ ಪ್ರವೇಶವನ್ನು ನಿರ್ಬಂಧಿಸಲಾಗಿತ್ತು. ಗಮನಿಸಬೇಕಾದದ್ದು, ಅದು ಮಳೆಗಾಲವಾಗಿರಲಿಲ್ಲ. ಪ್ರವಾಸಕ್ಕೆ ಪ್ರಶಸ್ತವೆಂದು ಎಲ್ಲರೂ ಹೇಳುವ ಡಿಸೆಂಬರ್ ತಿಂಗಳು. ಬಯಲು ಸೀಮೆಯಿಂದ ಬರುವ ಶಾಲಾ ತಂಡಗಳ ಶಿಕ್ಷಕರು ತಲೆ ಎಣಿಸುವುದು ಬಸ್ಸಿನಲ್ಲಿ. ಎಣಿಸಬೇಕಾದದ್ದು ನೀರಿನ ಬಳಿ. ಹತ್ತು ಮಕ್ಕಳಿಗೆ ಒಬ್ಬರಂತೆ ದೊಡ್ಡವರು ಬಟ್ಟೆ ಒದ್ದೆಯಾದರೂ ಸರಿ, ಮಕ್ಕಳಿಗಿಂತ ಕಡಲಿನ ಕಡೆಗೆ ನಿಲ್ಲುವುದು ವಿಹಿತ. ದಂಡೆಯಲ್ಲಿ ಕುಳಿತು ಚೀಲ ಕಾಯುವುದರಿಂದ ಪ್ರಯೋಜನವಿಲ್ಲ.

ಕೆಂಪು ಬಾವುಟ ಇರುವೆಡೆ ಇಳಿಯಬಾರದು. ಜೀವರಕ್ಷಕರಿಲ್ಲದ ತೀರದಲ್ಲಿ ಮೊಣಕಾಲು ಮೀರಬಾರದು. ಮದ್ಯ ಸೇವಿಸಿದವರನ್ನು ನೀರಿಗೆ ಬಿಡುವುದು ತಂಡದವರೇ ಮಾಡುವ ಅಪರಾಧ. ಕತ್ತಲಾದ ಮೇಲೆ ಕಡಲಿಗಿಳಿಯುವ ಮಾತೇ ಬೇಡ.

ಮಳೆ ಮತ್ತು ಗುಡ್ಡ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಹಸಿರನ್ನು ನೋಡಲೆಂದೇ ಹೊರಡುವವರು ಈಚೆಗೆ ಹೆಚ್ಚಿದ್ದಾರೆ. ಆ ಸೊಬಗನ್ನು ಅಲ್ಲಗಳೆಯಲಾಗದು. ಆದರೆ 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯ ಚಹಾ ಅಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಕೇರಳದ ಲಾರಿಯೊಂದನ್ನು ನದಿಯ ತಳದಿಂದ ಮೇಲೆತ್ತಿದ್ದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ರಸ್ತೆಯನ್ನು ಅಗಲಗೊಳಿಸಲು ಗುಡ್ಡವನ್ನು ಲಂಬವಾಗಿ ಕಡಿದ ರೀತಿ ಆಗ ತೀವ್ರ ಟೀಕೆಗೆ ಗುರಿಯಾಯಿತು.

ಜಡಿಮಳೆ ಬೀಳುವಾಗ ಕಡಿದ ಗುಡ್ಡದ ಬುಡದಲ್ಲಿ ವಾಹನ ನಿಲ್ಲಿಸಿ ಚಹಾ ಕುಡಿಯುವುದನ್ನು, ಮೂತ್ರಕ್ಕೆ ಇಳಿಯುವುದನ್ನು ತಪ್ಪಿಸಬೇಕು. ಮೇಲಿನಿಂದ ಕೆಸರು ನೀರು ಹೊಸದಾಗಿ ಇಳಿಯುತ್ತಿದ್ದರೆ, ಸಣ್ಣ ಕಲ್ಲು ಉರುಳುತ್ತಿದ್ದರೆ, ಮರಗಳು ವಾಲಿದ್ದರೆ ಅಲ್ಲಿಂದ ತಕ್ಷಣ ಮುಂದೆ ಸಾಗಬೇಕು. ಹವಾಮಾನ ಇಲಾಖೆ ‘ರೆಡ್ ಅಲರ್ಟ್’ ಕೊಟ್ಟ ದಿನ ಹೊರಡದಿರುವುದೇ ವಿವೇಕ. ಮುಂಗಡ ಕೊಟ್ಟ ಕೋಣೆಯ ಹಣ ಹೋದರೂ ಚಿಂತೆಯಿಲ್ಲ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಮೀನಿನ ಊಟಕ್ಕಾಗಿಯೇ ಹೋಗುವವರು ಇದನ್ನು ತಿಳಿದಿರಬೇಕು. ಕಡಲನ್ನೇ ನಂಬಿ ಬದುಕುವವರು ಮನೆಯಲ್ಲಿರುವ ಆ ಎರಡು ತಿಂಗಳು ಬಯಲು ಸೀಮೆಯವರು ಅಲೆಗೆ ಎದೆಯೊಡ್ಡುವುದರಲ್ಲಿ ಅರ್ಥವಿಲ್ಲ. ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗಿನ ಅವಧಿ ಉತ್ತಮ. ಜೋಗದಲ್ಲಿ ಧಾರೆ ಕಾಣಬೇಕೆಂಬ ಆಸೆಯಿದ್ದರೆ ಅಕ್ಟೋಬರ್ ಮೀರದಂತೆ ನೋಡಿಕೊಳ್ಳಬೇಕು.

ವಾಹನ, ಊಟ

ಬಾಡಿಗೆಗೆ ವಾಹನ ಹಿಡಿಯುವಾಗ ಹಳದಿ ಫಲಕ ಇರುವುದನ್ನೇ ಆಯ್ದುಕೊಳ್ಳಬೇಕು. ಪರಿಚಿತರ ಬಿಳಿ ಫಲಕದ ವಾಹನ ನಾಲ್ಕು ಕಾಸು ಅಗ್ಗವಾಗಬಹುದು; ಅದನ್ನು ಬಾಡಿಗೆಗೆ ಓಡಿಸುವುದು ನಿಯಮಬಾಹಿರ. ಅಪಘಾತ ಸಂಭವಿಸಿದರೆ ವಿಮೆಯ ಪರಿಹಾರಕ್ಕೆ ತೊಡಕಾಗುತ್ತದೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಮ್ಯಾಕ್ಸಿಕ್ಯಾಬ್ ಎಂದರೆ ಚಾಲಕನ ಹೊರತಾಗಿ ಆರಕ್ಕಿಂತ ಹೆಚ್ಚು, ಹನ್ನೆರಡು ಮೀರದ ಪ್ರಯಾಣಿಕರ ವಾಹನ. ‘ಮಕ್ಕಳು ತೊಡೆಯ ಮೇಲೆ ಕೂರುತ್ತಾರೆ’ ಎಂದು ಹದಿನೆಂಟು ಮಂದಿ ಏರುವುದು ಘಾಟಿಯಲ್ಲಿ ಬ್ರೇಕಿನ ಮೇಲೆ ಹೇರುವ ಹೊರೆ. ಪರ್ಮಿಟ್, ಸಾಮರ್ಥ್ಯ ಪತ್ರ (ಎಫ್‌ಸಿ), ವಿಮೆಗಳ ಅವಧಿಯನ್ನು ಮುಂಗಡ ಕೊಡುವ ಮೊದಲೇ ಕೇಳಿ ನೋಡಬೇಕು. ಗೋವಾ ಅಥವಾ ಕೇರಳದೊಳಗೆ ಹೋಗುವುದಿದ್ದರೆ ಅದಕ್ಕೆ ತಕ್ಕ ಪರ್ಮಿಟ್ ಅಗತ್ಯ. ದೊಡ್ಡ ತಂಡವಾದರೆ ಕೆಎಸ್‌ಆರ್‌ಟಿಸಿ ಬಸ್ಸನ್ನು ಸಾಂದರ್ಭಿಕ ಒಪ್ಪಂದದ ಮೇಲೆ ಪಡೆಯಬಹುದು.

ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ ಅಥವಾ ನ್ಯೂಟ್ರಲ್‌ನಲ್ಲಿ ವಾಹನ ಬಿಡುವ ಚಾಲಕನಿಗೆ ಇಂಧನ ಉಳಿತಾಯದ ಪಾಠ ಯಾರೋ ತಪ್ಪಾಗಿ ಹೇಳಿಕೊಟ್ಟಿರುತ್ತಾರೆ. ಘಾಟಿಯನ್ನು ಹತ್ತುವ ಗೇರಿನಲ್ಲೇ ಇಳಿಯಬೇಕು. ಹತ್ತುವ ವಾಹನಕ್ಕೆ ದಾರಿ ಬಿಡುವುದು ಘಾಟಿಯ ಹಳೆಯ ಮರ್ಯಾದೆ. ಬಯಲಿನ ಹೆದ್ದಾರಿಯಲ್ಲಷ್ಟೇ ಓಡಿಸಿ ರೂಢಿಯಿರುವ ಚಾಲಕರಿಗೆ ಹೇರ್‌ಪಿನ್ ತಿರುವು ಹೊಸದಾಗಿರಬಹುದು. ಬಾಡಿಗೆ ಮಾತನಾಡುವಾಗಲೇ ‘ಘಾಟಿ ಓಡಿಸಿದ್ದೀರಾ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಊಟದ ವಿಷಯದಲ್ಲಿ ತಂಡಗಳು ಒಡೆಯುವುದುಂಟು. ಅರ್ಧ ಜನ ಶುದ್ಧ ಸಸ್ಯಾಹಾರಿಗಳು, ಉಳಿದವರು ಮೀನಿಗೆ ಹಂಬಲಿಸುವವರು. ಉಡುಪಿಯಲ್ಲಿ ಗೋಲಿ ಬಜೆ, ಮಠದ ಭೋಜನ. ಕುಂದಾಪುರದಲ್ಲಿ ಕೋಳಿ ಘೀ ರೋಸ್ಟ್, ನೀರು ದೋಸೆ. ಅಂಕೋಲಾ, ಕಾರವಾರದ ಕಡೆ ಮೀನಿನ ಊಟ. ಆದರೆ ಕುಚ್ಚಲಕ್ಕಿ ಅನ್ನವನ್ನು ಎರಡು ಹೊತ್ತು ಉಂಡ ಬಳಿಕ ನಮ್ಮವರು ರೊಟ್ಟಿ ಹುಡುಕತೊಡಗುತ್ತಾರೆ. ಅಲ್ಲಿ ಅದು ಸಿಗುವುದು ಅಪರೂಪ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಹಾಕಿದ ಮಂಡಕ್ಕಿ ಇವುಗಳ ಗಂಟನ್ನು ಹಿರಿಯರು ಕಟ್ಟಿಸುವುದು ಸುಮ್ಮನೆ ಅಲ್ಲ.

ಎರಡು ರಾತ್ರಿ, ಮೂರು ಹಗಲು

ಹೀಗೊಂದು ಯೋಜನೆ ಸಾಧ್ಯ. ಬೆಳಿಗ್ಗೆ ಐದಕ್ಕೆ ಹರಿಹರೇಶ್ವರನಿಗೆ ಕೈಮುಗಿದು (ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ದೇಗುಲವಿದು) ಹೊನ್ನಾಳಿ ದಾರಿ ಹಿಡಿದರೆ, ಶಿವಮೊಗ್ಗದಲ್ಲಿ ಉಪಾಹಾರ, ಮಧ್ಯಾಹ್ನದ ಮುನ್ನ ಆಗುಂಬೆ. ಹಗಲಿನಲ್ಲೇ ಘಾಟಿ ಇಳಿದು ಉಡುಪಿಯಲ್ಲಿ ಊಟ, ಸಂಜೆ ಮಲ್ಪೆ, ರಾತ್ರಿ ಉಡುಪಿಯಲ್ಲೇ ವಾಸ್ತವ್ಯ. ಎರಡನೆಯ ದಿನ ಕುಂದಾಪುರ, ಮರವಂತೆ, ಬೈಂದೂರು ಮೂಲಕ ಮುರುಡೇಶ್ವರ. ಇಷ್ಟು ಸುಮಾರು 100 ಕಿ.ಮೀ.ನ ಆಸುಪಾಸು ಮಾತ್ರ. ಚಾಲಕನಿಗೂ ಅದು ಹಗುರವಾದ ದಿನ. ಬಿಸಿಲು ಮಧ್ಯಾಹ್ನದ ಮೇಲೆ ಎಡಗಡೆಯ ಕಿಟಕಿಗೆ ಹೊಡೆಯುವುದರಿಂದ ಪರದೆಯಿರುವ ವಾಹನ ಒಳ್ಳೆಯದು. ಮೂರನೆಯ ದಿನ ಬೆಳಿಗ್ಗೆ ಕಾಸರಕೋಡು, ಕಾಂಡ್ಲಾ ಕಾಡಿನ ನಡಿಗೆ.

ದಾರಿಯಲ್ಲಿ ತೊಂದರೆಯಾದರೆ ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ಆಂಬುಲೆನ್ಸಿಗೆ 108, ಪೊಲೀಸ್ ಮತ್ತು ಇತರ ತುರ್ತಿಗೆ 112. ಘಾಟಿಯ ಕಾಡಿನೊಳಗೆ ಮೊಬೈಲ್ ಸಂಕೇತ ಸಿಗದ ಜಾಗಗಳಿರುವುದರಿಂದ ಘಾಟಿ ಪ್ರವೇಶಿಸುವ ಮುನ್ನ ಮನೆಗೊಂದು ಕರೆ ಮಾಡಿ ತಿಳಿಸುವುದು ರೂಢಿಯಾಗಲಿ.

ಹೊನ್ನಾವರವನ್ನು ಮಧ್ಯಾಹ್ನ ಒಂದು ಗಂಟೆಯೊಳಗೆ ಬಿಡಬೇಕು. ಹಾಗೆ ಬಿಟ್ಟರೆ ಗೇರುಸೊಪ್ಪ ಘಾಟಿಯನ್ನು ಬೆಳಕಿನಲ್ಲೇ ಹತ್ತಿ, ಜೋಗದಲ್ಲಿ ಒಂದು ಗಂಟೆ ನಿಂತು, ಸಾಗರದಲ್ಲಿ ಚಹಾ ಮುಗಿಸಿ, ಶಿವಮೊಗ್ಗ ದಾಟಿ, ರಾತ್ರಿ ಹತ್ತರ ವೇಳೆಗೆ ಹರಿಹರದ ತುಂಗಭದ್ರಾ ಸೇತುವೆಯ ದೀಪಗಳನ್ನು ಕಾಣಬಹುದು.